ಲಗತ್ತು ಕಂಡುಬಂದಿಲ್ಲ

ಹಾಲು ಹೆಪ್ಪುಗಟ್ಟದ ಹನ್ನೆರಡನೆಯ ದಿನ ಬೆಳಗ್ಗೆ ನಮ್ಮ ಊರಿನ ಯಜಮಾನ ಶರಭಣ್ಣ ಒಂದು ಕಾಗದ ಹಿಡಿದುಕೊಂಡು ದಿನದ ಕೋಣೆಗೆ ಬಂದ. ಹಿಂದೆ ನಾಲ್ಕು ಜನ ಪಂಚರು. ಪಕ್ಕದಲ್ಲೇ ನನ್ನ ಹಿಟ್ಟಿನ ಗಿರಣಿ. ಐದು ಜನ ಗಂಡಸರು ಒಟ್ಟಿಗೆ ಒಬ್ಬ ಹೆಂಗಸಿನ ಮುಂದೆ ಹೋಗಿ ನಿಂತರೆ ಅದು ಒಳ್ಳೆಯದಕ್ಕಲ್ಲ ಅಂತ ತಿಳಿಯಲು ಓದು ಬೇಕಾಗಿಲ್ಲ. ಗಿರಣಿ ಬಂದ್ ಮಾಡಿ, ಸೆರಗಿನ ಹಿಟ್ಟು ಕೊಡವಿಕೊಂಡು ನಾನೂ ಹೋಗಿ ಬಾಗಿಲಲ್ಲಿ ನಿಂತೆ. ನನ್ನನ್ನು ಯಾರೂ ಕರೆದಿರಲಿಲ್ಲ. ಕರೆಯಲಿ ಅಂತ ಕಾಯುವ ಜಾಯಮಾನ ನನ್ನದಲ್ಲ.

ಒಳಗೆ ದೇಮಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದಳು. ಐವತ್ತೆರಡು ವರ್ಷದವಳು, ಮಾತು ಕಡಿಮೆ, ಹಟ ಜಾಸ್ತಿ. ಹನ್ನೊಂದು ವರ್ಷದಿಂದ ಊರಿನ ದಿನ ಕಳಿಸುವ ಕೆಲಸ ಅವಳದು. ಶರಭಣ್ಣ ಕಾಗದವನ್ನು ಅವಳ ಕೀಬೋರ್ಡಿನ ಮೇಲೇ ಇಟ್ಟ.

"ಸಹಿ ಮಾಡವಾ. ನಿನ್ನ ಸಹಿ ಇಲ್ಲದ ಕಚೇರ್ಯಾಗ ಇದನ್ನ ತಗೊಳ್ಳೂದಿಲ್ಲ."

ದೇಮಕ್ಕ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದಳು. ಇಂದಿನದೂ ಸೇರಿ ಈ ಹನ್ನೆರಡು ದಿನಗಳು ನಮ್ಮ ಊರಿನಲ್ಲಿ ಇರಲಿಲ್ಲ ಎಂದು ಊರಿನವರೆಲ್ಲ ಒಪ್ಪಿರುತ್ತೇವೆ. ಹಳೆಯ ಪಟ್ಟಿಯ ಮನೆಗಳ ಪ್ರಕಾರ ಹೊಸದಾಗಿ ದಿನ ಕಳಿಸಲು ಅಪ್ಪಣೆಯಾಗಬೇಕು. ಓದಿ ಮುಗಿಸಿ ಕಾಗದ ಕೆಳಗಿಟ್ಟಳು.

"ನನ್ನ ಮೊಮ್ಮಗಳು ಹುಟ್ಟಿದ್ದು ಈ ಹನ್ನೆರಡರಾಗ ಮೂರನೇ ದಿನ. ಆ ದಿನಾನ ಇರಲಿಲ್ಲ ಅಂದ್ರ ಆ ಕೂಸು ಎಲ್ಲಿಗೆ ಹೋಗಬೇಕ್ರಿ?"

ಪಂಚರಲ್ಲೊಬ್ಬ ಪುಣ್ಯಾತ್ಮ, "ಹೊಸದಾಗಿ ದಿನಾ ಶುರುವಾದ ಮ್ಯಾಲ ಇನ್ನೊಮ್ಮೆ ಹುಟ್ಟ್ಯಾಳು ಬಿಡವಾ," ಅಂದ. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

"ಹಡದಾಕಿ ನಿಮ್ಮವ್ವ ಆಗಿದ್ರ ಹಿಂಗ ಅಂತಿದ್ದೇನೋ?" ಅಂತ ಬಾಗಿಲಿನಿಂದಲೇ ಕೂಗಿದೆ. ಗಿರಣಿಯ ಗದ್ದಲದಲ್ಲಿ ಇಪ್ಪತ್ತು ವರ್ಷ ಮಾತಾಡಿದವಳ ಗಂಟಲು ನನ್ನದು, ಬೀದಿಯ ಆ ಕೊನೆಗೂ ಕೇಳಿಸಿರಬೇಕು.

ಹೊರಗಿನವರಿಗೆ ನಮ್ಮ ಊರಿನ ಕ್ರಮ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಪ್ರತಿ ಮನೆಯಿಂದ ಒಬ್ಬರು ಬೆಳಗಿನಿಂದ ನಾಲ್ಕು ಗಂಟೆಯೊಳಗೆ ದಿನದ ಕೋಣೆಗೆ ಬಂದು, ಮೈಕಿನ ಮುಂದೆ ತಮ್ಮ ಮನೆಯ ದಿನ ಹೇಳಬೇಕು. ರೊಟ್ಟಿ ಸೀದಿತು, ಅತ್ತೆಗೆ ಕೆಮ್ಮು, ಎಮ್ಮೆ ಈಯಿತು, ಏನಿದ್ದರೂ ಸರಿ. ಕಂಪ್ಯೂಟರು ಆ ದನಿಗಳನ್ನೆಲ್ಲ ಕೂಡಿಸಿ ಒಂದು ಫೈಲು ಮಾಡುತ್ತದೆ. ಐದಕ್ಕೆ ಸರಿಯಾಗಿ, ಹಿಂದೆ ಇದ್ದ ಕಂಪ್ಯೂಟರ್ ಮಾಸ್ತರರು ಬರೆದಿಟ್ಟು ಹೋದ ಹತ್ತೊಂಬತ್ತು ಸಾಲಿನ ಶೆಲ್ ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಬರೆದ ಆಜ್ಞೆಗಳ ಪಟ್ಟಿ, ಆ ಫೈಲನ್ನು ಇಮೇಲಿಗೆ ಲಗತ್ತಿಸಿ ಗುಡ್ಡದಾಚೆಯ ದಿನದ ಕಚೇರಿಗೆ ಕಳಿಸುತ್ತದೆ. ಹತ್ತು ನಿಮಿಷದಲ್ಲಿ ಉತ್ತರ ಬರುತ್ತದೆ: ಲಗತ್ತು ತಲುಪಿದೆ. ಅಷ್ಟಾದರೆ ದಿನ ನಿಂತಿತು. ಹಾಲು ಹೆಪ್ಪುಗಟ್ಟುತ್ತದೆ, ಗೋಡೆ ಒಣಗುತ್ತದೆ, ಗಾಯ ಮಾಯುತ್ತದೆ. ತಲುಪದಿದ್ದರೆ ಆ ದಿನ ಏನು ಮಾಡಿದರೂ ಹಿಡಿಯುವುದಿಲ್ಲ.

ವರ್ಷಕ್ಕೆ ಒಂದೆರಡು ಸಲ ಗುಡುಗು ಸಿಡಿಲಿಗೆ ಹೀಗಾಗುವುದುಂಟು. ನಮಗೆ ರೂಢಿ. ಅಂಥ ದಿನ ನಾವು ಹಿಟ್ಟು ಹುದುಗಿಗೆ ಇಡುವುದಿಲ್ಲ, ಹೊಲಿಗೆ ಬಿಚ್ಚಿಸುವುದಿಲ್ಲ, ಜಗಳ ತೆಗೆಯುವುದಿಲ್ಲ, ಯಾಕೆಂದರೆ ಆ ಜಗಳ ಮುಗಿಯುವುದೇ ಇಲ್ಲ. ಮರುದಿನ ದೇಮಕ್ಕ ಹಿಂದಿನ ದಿನವನ್ನೂ ಇನ್ನೊಂದು ಪತ್ರದಲ್ಲಿ ಕಳಿಸಿದರೆ ಎಲ್ಲ ಸರಿಹೋಗುತ್ತದೆ. ತಡವಾದ ದಿನವನ್ನು ಕಚೇರಿ ಹದಿನೈದು ದಿನದ ತನಕ ತೆಗೆದುಕೊಳ್ಳುತ್ತದೆ. ಅದು ದಾಟಿದರೆ ಆ ದಿನ ಹೋಯಿತು, ಅದರೊಳಗೆ ಹುಟ್ಟಿದ್ದೂ ಹೋಯಿತು.

ಇನ್ನು ಸುಣ್ಣದ ಓಣಿ. ಕಾಲುವೆಯ ಆಚೆ ಮೂವತ್ತೊಂದು ಮನೆ. ಸುಣ್ಣ ಸುಡುವವರು. ನಮ್ಮ ಊರಿನ ನೂರಾ ನಲವತ್ತು ಮನೆಗಳ ಗೋಡೆಗೆ ಬಳಿದ ಸುಣ್ಣವೆಲ್ಲ ಅವರದೇ. ಆದರೆ ಅವರ ದಿನವನ್ನು ಯಾರೂ ಯಾವತ್ತೂ ಮೈಕಿಗೆ ಹೇಳಿಸಿರಲಿಲ್ಲ. ಯಾಕೆ ಅಂತ ಕೇಳಿದರೆ "ಮೊದಲಿಂದ ಹಂಗ" ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಊರಿನ ದಿನದಲ್ಲಿ ಉಳಿದ ಎಂಜಲಿನಲ್ಲಿ ಅವರ ಬದುಕು ನಡೆಯಬೇಕು. ಅವರ ಮೊಸರು ಯಾವತ್ತೂ ನೀರು ನೀರು. ಮುರಿದ ಮೂಳೆ ಕೂಡಿದರೂ ಸೊಟ್ಟ. ಊರಿಗೆಲ್ಲ ಗಿಲಾವು ಮಾಡುವವರ ಸ್ವಂತ ಗೋಡೆಗಳು ಬೇಸಿಗೆಯಲ್ಲೂ ಹಸಿ.

ಆ ಓಣಿಯ ಯಮನೂರಿಯನ್ನು ದೇಮಕ್ಕನ ಮಗಳು ಕಸ್ತೂರಿ ಎರಡು ವರ್ಷದ ಹಿಂದೆ ಮದುವೆಯಾದಳು. ದೇಮಕ್ಕ ಆರು ತಿಂಗಳು ಆ ಕಡೆ ಮುಖ ಹಾಕಲಿಲ್ಲ. ಆಮೇಲೆ ಒಂದು ದಿನ ಭಟ್ಟಿಯ ಹತ್ತಿರ ಕಸ್ತೂರಿಯ ಮುಂಗೈ ಸುಟ್ಟಿತು ಅಂತ ಕೇಳಿ ಓಡಿಹೋದಳು. ಊರಲ್ಲಿ ಎಂಟು ದಿನಕ್ಕೆ ಮಾಯುವ ಸುಟ್ಟಗಾಯ ಅಲ್ಲಿ ನಾಲ್ಕು ತಿಂಗಳು ತೆಗೆದುಕೊಂಡಿತು. ನಾಲ್ಕು ತಿಂಗಳೂ ದೇಮಕ್ಕನೇ ಪಟ್ಟಿ ಕಟ್ಟಿದಳು. ಹನ್ನೊಂದು ವರ್ಷ ದಿನ ಕಳಿಸಿದ್ದು ತಾನೇ, ಈ ಓಣಿಯನ್ನು ಬಿಟ್ಟು ಕಳಿಸಿದ್ದೂ ತಾನೇ ಅಂತ ಅವಳು ನನ್ನ ಮುಂದೆ ಅತ್ತದ್ದುಂಟು. ಕಸ್ತೂರಿಗೆ ಒಂಬತ್ತು ತುಂಬುತ್ತಿದ್ದ ಹಾಗೆ ದೇಮಕ್ಕ ಯಾರನ್ನೂ ಕೇಳದೆ ಚಿಕ್ಕ ರೆಕಾರ್ಡರು ಹಿಡಿದು ಕಾಲುವೆ ದಾಟಿದಳು. ಮೂವತ್ತೊಂದು ಮನೆಯ ದನಿ ತಂದು ಊರಿನ ದನಿಗಳ ಜೊತೆ ಕೂಡಿಸಿದಳು. ಪಂಚರು ಗೊಣಗಿದರು. ಕಚೇರಿಯ ಸುತ್ತೋಲೆಯಲ್ಲಿ 'ಊರಿನ ಎಲ್ಲ ಮನೆಗಳು' ಅಂತಲೇ ಇತ್ತು, ಬಾಯಿ ಬಿಡುವ ಹಾಗಿರಲಿಲ್ಲ.

ಆ ಸಂಜೆಯೇ ಮೊದಲ ಸಲ ಆ ಉತ್ತರ ಬಂತು: ಪತ್ರ ತಲುಪಿದೆ. ಲಗತ್ತು ಕಂಡುಬಂದಿಲ್ಲ.

ಮರುದಿನವೂ ಅದೇ. ಶರಭಣ್ಣ ತನ್ನ ತಲೆ ಓಡಿಸಿದ. ಮೇಲಿನವರಿಗೆ ನಮ್ಮ ಮಾತು ಸರಿಯಾಗಿ ಕೇಳಿಸುತ್ತಿಲ್ಲ, ಎಲ್ಲರೂ ಜೋರಾಗಿ ಹೇಳಿ, ನಾಲ್ಕು ಮಾತು ಹೆಚ್ಚೇ ಹೇಳಿ ಅಂತ ಡಂಗುರ ಸಾರಿಸಿದ. ನಮ್ಮ ಜನಕ್ಕೆ ಮಾತಾಡು ಅಂದರೆ ಕೇಳಬೇಕೆ! ಎರಡು ಮಾತಲ್ಲಿ ಮುಗಿಸುತ್ತಿದ್ದವರು ತವರುಮನೆಯ ಹಳೇ ಕತೆಗಳನ್ನೆಲ್ಲ ತೆಗೆದರು. ನಾನೂ ಒಂದು ದಿನ ನನ್ನ ಓರಗಿತ್ತಿಯ ಗುಣಗಾನ ಪೂರ್ತಿ ಮಾಡಿ ಬಂದೆ. ಲಗತ್ತು ಮಾತ್ರ ಕಂಡುಬರಲಿಲ್ಲ. ಐದನೆಯ ದಿನ ದೇಮಕ್ಕ ಮಗಳ ಬಾಣಂತನಕ್ಕೆ ಹೋಗಿದ್ದಾಗ ಶರಭಣ್ಣ ತಾನೇ ಕೂತು, ಸುಣ್ಣದ ಓಣಿಯ ದನಿ ಬಿಟ್ಟು ಬರೀ ಊರಿನದನ್ನು ಕಳಿಸಿದ. ಆಗಲೂ ಅದೇ ಉತ್ತರ ಬಂತು. ಇಷ್ಟು ಸಾಲದೇ, ಕಾರಣ ಬೇರೆ ಇದೆ ಅಂತ ತಿಳಿಯಲಿಕ್ಕೆ? ಅವನು ಹೇಳಿದ್ದು, "ಮೈಲಿಗಿ ಇನ್ನೂ ಹೋಗಿಲ್ಲ" ಅಂತ. ಊರು ನಂಬಿತು.

ದೇಮಕ್ಕ ಅಷ್ಟೂ ದಿನ ಸ್ಕ್ರಿಪ್ಟಿನ ಹತ್ತೊಂಬತ್ತು ಸಾಲುಗಳನ್ನು ಒಂದೊಂದಾಗಿ ಹಿಡಿದು ನೋಡುತ್ತಿದ್ದಳು. ಸ್ಕ್ರಿಪ್ಟು ಫೈಲನ್ನು ಬೇರೆ ಯಾವುದೋ ಫೋಲ್ಡರಿನಲ್ಲಿ ಹುಡುಕುತ್ತಿದೆಯೇನೋ ಅಂತ ಪೂರ್ತಿ ವಿಳಾಸ ಬರೆದಳು. ಫೈಲು ಬರೆದು ಮುಗಿಯುವ ಮೊದಲೇ ಪತ್ರ ಹೊರಡುತ್ತಿದೆಯೇನೋ ಅಂತ ನಡುವೆ ಎರಡು ನಿಮಿಷ ಕಾಯಲು ಹೇಳಿದಳು. ಲಗತ್ತಿಸು ಅನ್ನುವ ಆಜ್ಞೆಗೆ ಇಮೇಲಿನ ಪ್ರೋಗ್ರಾಮು ಬೇರೆ ಅರ್ಥ ಮಾಡಿಕೊಳ್ಳುತ್ತಿದೆಯೇನೋ ಅಂತ ಅದನ್ನೂ ನೋಡಿದಳು. ಕೊನೆಗೆ ಪತ್ರವನ್ನು ತನ್ನದೇ ವಿಳಾಸಕ್ಕೆ ಕಳಿಸಿಕೊಂಡಳು. ಲಗತ್ತು ಸಮೇತ ಬಂತು, ಒತ್ತಿದರೆ ನಮ್ಮೆಲ್ಲರ ದನಿ ಸ್ವಚ್ಛವಾಗಿ ಕೇಳಿಸಿತು. ಕಚೇರಿಗೆ ಫೋನು ಮಾಡಿದರೆ ಅಲ್ಲಿನವನು, "ನಮ್ಮ ಕಡೆ ಎಲ್ಲಾ ಸರಿಯಾಗಿದೆ, ನಿಮ್ಮ ಕಡೆ ನೋಡಿಕೊಳ್ಳಿ" ಅಂತ ಇಟ್ಟುಬಿಟ್ಟ. ಮಹಾರಾಯ, ಎರಡು ಕಡೆಯೂ ಸರಿಯಾಗಿದ್ದರೆ ನಮ್ಮ ದಿನಗಳು ಎಲ್ಲಿಗೆ ಹೋದವು?

ಅತ್ತ ಓಣಿಯಲ್ಲಿ ಕೂಸು ಹುಟ್ಟಿದ ದಿನ ಹೇಗಿತ್ತೋ ಹಾಗೇ ಇತ್ತು. ಹೊಕ್ಕುಳಬಳ್ಳಿ ಉದುರಲಿಲ್ಲ, ಒಣಗಲೂ ಇಲ್ಲ. ಹಾಲು ಕುಡಿಯುತ್ತಿತ್ತು, ಆದರೆ ಒಂದು ಗುಂಜಿ ತೂಕ ಏರಲಿಲ್ಲ. ನಾನು ನೋಡಲು ಹೋದಾಗ ಕಸ್ತೂರಿ ಅದನ್ನು ಎದೆಗೆ ಒತ್ತಿಕೊಂಡು ತಾಯಿಯ ಮುಖ ನೋಡಿದಳು. "ಯವ್ವಾ, ಇದು ಬೆಳೀತೈತೇನ?" ಅಂದಳು. ದೇಮಕ್ಕ "ಬೆಳೀದ ಏನ್ ಮಾಡತೈತಿ" ಅಂತ ಗದರಿ ಹೊರಗೆ ಬಂದು, ಕಾಲುವೆಯ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೀಗಿರುವಾಗ ಬಂದಿತ್ತು ಆ ಕಾಗದ. ದೇಮಕ್ಕ ಅದನ್ನು ಮಡಚಿ ಶರಭಣ್ಣನ ಕೈಗೇ ವಾಪಸು ಕೊಟ್ಟಳು.

"ನಾ ಸಹಿ ಮಾಡೂದಿಲ್ಲ. ನೀವು ಐದೂ ಮಂದಿ ಬಂದೀರಿ, ಚಲೋ ಆತು. ಕುಂದರ್ರಿ. ನಿಮ್ಮ ಕಣ್ಣ ಮುಂದ ಪರೀಕ್ಷೆ ಮಾಡತೀನಿ. ಮೈಲಿಗಿ ಇದ್ರ ಅದೂ ಕಾಣಲಿ."

ಪತ್ರದ ತಲೆಗೆ ಪರೀಕ್ಷೆ ಅಂತ ಬರೆದರೆ ಕಚೇರಿ ಅದನ್ನು ದಿನ ಅಂತ ಹಿಡಿಯುವುದಿಲ್ಲ, ಆದರೆ ಲಗತ್ತು ಬಂತೋ ಇಲ್ಲವೋ ಅಂತ ಉತ್ತರ ಕೊಡುತ್ತದೆ. ದೇಮಕ್ಕ ಮೊದಲು, ತೊಂದರೆ ಶುರುವಾದ ಮೊದಲ ದಿನದ ದನಿಗಳಲ್ಲಿ ಊರಿನ ನೂರಾ ನಲವತ್ತನ್ನು ಮಾತ್ರ ಕಳಿಸಿದಳು. ಹತ್ತು ನಿಮಿಷ ಎಲ್ಲರೂ ತೆರೆಯನ್ನೇ ನೋಡುತ್ತ ಕೂತೆವು. ಲಗತ್ತು ತಲುಪಿದೆ ಅಂತ ಬಂತು. ಶರಭಣ್ಣ ತೊಡೆ ತಟ್ಟಿಕೊಂಡ.

"ನೋಡಿದೇನ? ನಾ ಹೇಳಿದ್ದ ಖರೇ ಆತಲ್ಲ?"

"ತಡೀರಿ," ಅನ್ನುತ್ತ ದೇಮಕ್ಕ ಸುಣ್ಣದ ಓಣಿಯ ಮೂವತ್ತೊಂದನ್ನು ಮಾತ್ರ ಕಳಿಸಿದಳು. ಮತ್ತೆ ಹತ್ತು ನಿಮಿಷ. ಲಗತ್ತು ತಲುಪಿದೆ ಅಂತಲೇ ಬಂತು. ಶರಭಣ್ಣನ ಮುಖ ನೋಡಬೇಕಿತ್ತು. ಕಚೇರಿಗೆ ಮೈಲಿಗೆ ತಾಗದೆ ಓಣಿಯ ದನಿ ಒಳಗೆ ಹೋಗಿತ್ತು. ಮೂರನೆಯದಾಗಿ ಎರಡನ್ನೂ ಕೂಡಿಸಿ ಕಳಿಸಿದಳು. ಕಂಡುಬಂದಿಲ್ಲ.

ಶರಭಣ್ಣ ಗಂಟಲು ಸರಿಮಾಡಿಕೊಂಡ. "ಬ್ಯಾರೆ ಬ್ಯಾರೆ ಇದ್ರ ಇಬ್ಬರದೂ ನಡೀತೈತಿ. ಕೂಡಿದ್ರ ಆಗೂದಿಲ್ಲ. ಅಂದ್ರ ಮಿಶ್ರ ಮಾಡಿದ್ದ ತಪ್ಪು."

ಎಂಥ ಬುದ್ಧಿ ನೋಡಿ. ಸಾಕ್ಷಿ ಕಣ್ಣ ಮುಂದೆ ಇಟ್ಟರೂ ಅದನ್ನು ತಮ್ಮ ಕಡೆಗೇ ತಿರುಗಿಸಿಕೊಳ್ಳುವ ವಿದ್ಯೆ ಇಂಥವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ದೇಮಕ್ಕ ಕುರ್ಚಿ ತಿರುಗಿಸಿ ನನ್ನನ್ನು ನೋಡಿದಳು.

"ಸಾತವ್ವಾ, ನಿನ್ನ ಗಿರಣಿ ಚಾಲೂ ಮಾಡು."

ಯಾಕೆ ಅಂತ ಕೇಳಲಿಲ್ಲ, ಹೋಗಿ ಪಟ್ಟಾ ಏರಿಸಿದೆ. ಅವಳು ರೆಕಾರ್ಡರು ತಂದು ಗಿರಣಿಯ ಮುಂದೆ ಇಟ್ಟು, ಗಡಗಡ ಸದ್ದನ್ನು ತುಂಬಿಸಿಕೊಂಡಳು. ಆಮೇಲೆ ಅದನ್ನೇ ಹಿಂದೆ ಮುಂದೆ ಜೋಡಿಸಿ, ಊರು ಮತ್ತು ಓಣಿಯ ದನಿ ಕೂಡಿದ ಫೈಲು ಎಷ್ಟು ದೊಡ್ಡದಿತ್ತೋ ಅಷ್ಟೇ ದೊಡ್ಡದು ಮಾಡಿದಳು. ಮನುಷ್ಯರ ಒಂದು ಮಾತೂ ಅದರಲ್ಲಿ ಇರಲಿಲ್ಲ. ಕಳಿಸಿದಳು. ಕಂಡುಬಂದಿಲ್ಲ ಅಂತ ಬಂತು. ಅದೇ ಸದ್ದನ್ನು ಅರ್ಧಕ್ಕೆ ಕತ್ತರಿಸಿ ಕಳಿಸಿದಳು. ತಲುಪಿದೆ ಅಂತ ಬಂತು.

ಈಗ ನಾನು ಬಾಯಿ ಹಾಕಿದೆ. "ಶರಭಣ್ಣಾ, ನನ್ನ ಗಿರಣಿ ಯಾವ ಓಣ್ಯಾಗ ಹುಟ್ಟೈತೋ? ಅದರ ಕುಲಾ ಯಾವುದೋ? ಅದು ಯಾರ ಕೂಡ ಮಿಶ್ರ ಆತು, ಹೇಳಲ್ಲ!"

"ತೂಕ, ಯಜಮಾನ್ರ," ಅಂದಳು ದೇಮಕ್ಕ. "ಭಾಳ ತೂಕಾದ್ರ ಅಲ್ಲಿ ಬಾಗಿಲದಾಗ ಲಗತ್ತು ಕಿತ್ತು ಒಗದು ಬರೇ ಪತ್ರ ಒಳಗ ಬಿಡಾಕತ್ತಾರ. ಕಿತ್ತೀವಿ ಅಂತ ನಮಗ ಹೇಳೂದೂ ಇಲ್ಲ."

ಶರಭಣ್ಣನೂ ಸುಮ್ಮನೆ ಬಿಡುವವನಲ್ಲ. ಗೋಡೆಗೆ ತೂಗುಹಾಕಿದ್ದ ಸುತ್ತೋಲೆ ಕಿತ್ತುಕೊಂಡು ಬೆರಳಿಟ್ಟು ತೋರಿಸಿದ. "ಹತ್ತು ಎಂಬಿ ಮೀರಬಾರದು ಅಂತೈತಿ. ನಿನ್ನ ಫೈಲು ಎಷ್ಟೈತಿ? ಎಂಟೂವರಿ. ಮತ್ತ?"

ದೇಮಕ್ಕ ಇಲ್ಲಿಯೇ ಹನ್ನೆರಡು ದಿನ ಸಿಕ್ಕಿಹಾಕಿಕೊಂಡಿದ್ದಳು. ಹತ್ತು ದಾಟಬಾರದು ಅಂತ ಅವಳಿಗೂ ಗೊತ್ತಿತ್ತು, ಜನ ಎಷ್ಟೇ ಮಾತಾಡಿದರೂ ದಿನವೂ ಅಳೆದು ಹತ್ತರೊಳಗೇ ಇಟ್ಟಿದ್ದಳು. ಅವಳು ಫೈಲಿನ ಅಳತೆಯನ್ನು ಮತ್ತೊಮ್ಮೆ ತೆಗೆದು ನೋಡಿದಳು. ನನಗೆ ಕಂಪ್ಯೂಟರು ತಿಳಿಯದು, ತೂಕ ತಿಳಿಯುತ್ತದೆ. ಬೆಳಗಾದರೆ ಗಿರಾಕಿಗಳ ಜೊತೆ ನನ್ನ ಜಗಳವೆಲ್ಲ ಅದರದೇ.

"ಚೀಲದ ತೂಕ ಹಿಡಿದಿಯೇನ?" ಅಂದೆ.

"ಏನಂದಿ?"

"ಮನಿಯಾಗ ಕಾಳು ಅಳದುಕೊಂಡು ಬರ್ತಾರ. ನನ್ನ ತಕ್ಕಡಿ ಚೀಲಾನೂ ಕೂಡಿಸಿ ತೂಗತೈತಿ. ನಿನ್ನ ಫೈಲು ಪತ್ರದಾಗ ಬರಿಮೈಯಾಗ ಹೋಗತೈತೇನ, ಚೀಲದಾಗ ಹಾಕತೀಯೇನ?"

ದೇಮಕ್ಕ ನನ್ನನ್ನೇ ನೋಡಿದಳು. ಆಮೇಲೆ ತಟ್ಟನೆ ತಿರುಗಿ, ಹೊರಟ ಪತ್ರವನ್ನು ಅದು ಹೊರಟ ರೂಪದಲ್ಲೇ ಒಂದು ಕಡೆ ಉಳಿಸಿ ಅಳೆದಳು. ಹನ್ನೊಂದೂವರೆ. ಅವಳು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ದನಿಯ ಫೈಲನ್ನು ಇದ್ದ ಹಾಗೇ ಇಮೇಲಿನಲ್ಲಿ ಇಡಲು ಬರುವುದಿಲ್ಲವಂತೆ. ಅದನ್ನು ಸಾದಾ ಅಕ್ಷರಗಳಾಗಿ ಬದಲಾಯಿಸಿ ಸುತ್ತಬೇಕಂತೆ, ಆ ಸುತ್ತುವಿಕೆಗೇ ಮೂರರಲ್ಲಿ ಒಂದು ಪಾಲು ಹೆಚ್ಚು ತೂಕ. ಊರಿನದಷ್ಟೇ ಇದ್ದಾಗ ಏಳು, ಸುತ್ತಿದರೆ ಒಂಬತ್ತೂವರೆ, ಹೇಗೋ ನುಸುಳುತ್ತಿತ್ತು. ಓಣಿ ಸೇರಿದ ದಿನ ದಾಟಿತು. ಐದನೆಯ ದಿನ ಓಣಿ ಇರಲಿಲ್ಲ, ಆದರೆ ಜೋರಾಗಿ ಹೇಳಿ, ಹೆಚ್ಚು ಹೇಳಿ ಅಂತ ಶರಭಣ್ಣ ಊರಿನ ಬಾಯಿ ಬಿಚ್ಚಿಸಿದ್ದನಲ್ಲ, ಅವತ್ತು ನಮ್ಮ ಮಾತೇ ದಾಟಿಸಿತ್ತು. ನನ್ನ ಓರಗಿತ್ತಿಯ ಪಾಲೂ ಅದರಲ್ಲಿ ಇತ್ತು ಅಂತ ನಾನು ಬಾಯಿ ಬಿಡಲಿಲ್ಲ.

ಶರಭಣ್ಣ ಬೇಗ ಚೇತರಿಸಿಕೊಂಡ. "ಅಷ್ಟ ಅಂದ್ರ ಆತಲ್ಲ! ಎರಡು ಪತ್ರ ಮಾಡು. ಮೊದಲ ಊರಿಂದು ಕಳಸು. ಅದರ ಹಿಂದಿಂದ ಓಣಿದು ಕಳಸು. ಯಾರಿಗೂ ತ್ರಾಸಿಲ್ಲ."

ಪಂಚರೆಲ್ಲ ತಲೆಯಾಡಿಸಿದರು. ನನಗೂ ಒಂದು ಗಳಿಗೆ ಸರಿ ಅನ್ನಿಸಿತ್ತು. ದೇಮಕ್ಕ ನಗು ನಿಲ್ಲಿಸಿದಳು.

"ಒಂದು ದಿನ ಮೊದಲನೇದು ಮುಟ್ಟಿತು, ಹಿಂದಿಂದು ಮುಟ್ಟಲಿಲ್ಲ ಅಂತ ತಿಳೀರಿ. ಆವಾಗ ನಿಮ್ಮ ಮನೀ ಹಾಲು ಹೆಪ್ಪಾಗಿರತೈತಿ. ಕಾಲುವಿ ಆಚೆ ಏನಾತು ಅಂತ ನೋಡಾಕ ಓಡಿ ಬರ್ತೀರೇನ ಯಜಮಾನ್ರ? ಹನ್ನೊಂದು ವರ್ಷ ನಾನ ಓಡಿ ಹೋಗಿಲ್ಲ, ನೀವು ಹೋಗತೀರಿ ಅಂತ ಹೆಂಗ ನಂಬಲಿ? ಹಿಂದಿಂದ ಬರೂದು ಅವರಿಗೆ ಸಾಕಾಗೈತಿ."

ಅಂದವಳೇ ಸ್ಕ್ರಿಪ್ಟು ತೆರೆದು ಬರೆಯಲು ಕೂತಳು. ಬರೆಯುವ ಒಂದೊಂದು ಸಾಲನ್ನೂ ನಮಗೆಲ್ಲ ಕೇಳುವ ಹಾಗೆ ಬಿಡಿಸಿ ಹೇಳಿದಳು. ಊರಿನ ನಾಲ್ಕು ದನಿ, ಆಮೇಲೆ ಓಣಿಯ ಒಂದು ದನಿ, ಮತ್ತೆ ಊರಿನ ನಾಲ್ಕು, ಹೀಗೆ ನೂರಾ ಎಪ್ಪತ್ತೊಂದನ್ನೂ ಒಂದರೊಳಗೊಂದು ಹೆಣೆಯಬೇಕು. ಹೆಣೆದದ್ದನ್ನು ನಡುವೆ ಕತ್ತರಿಸಿ ಎರಡು ಭಾಗ ಮಾಡಬೇಕು. ಎರಡರಲ್ಲೂ ಊರಿರುತ್ತದೆ, ಎರಡರಲ್ಲೂ ಓಣಿಯಿರುತ್ತದೆ. ಭಾಗ ಮಾಡಿ ಕಳಿಸಬಹುದು ಅಂತ ಸುತ್ತೋಲೆಯಲ್ಲೇ ಇತ್ತು, ಒಂದು ಭಾಗ ಬಾರದಿದ್ದರೂ ಇಡೀ ದಿನ ಸಲ್ಲದು ಅಂತಲೂ ಇತ್ತು. ಕೊನೆಯದಾಗಿ ಅವಳು ಇನ್ನೊಂದು ಸಾಲು ಸೇರಿಸಿದಳು. ಕಳಿಸುವ ಮೊದಲು ದನಿಗಳನ್ನು ಎಣಿಸು. ನೂರಾ ಎಪ್ಪತ್ತೊಂದರಲ್ಲಿ ಒಂದು ಕಡಿಮೆಯಾದರೂ ಕಳಿಸಬೇಡ.

ಅದನ್ನು ಕೇಳಿ ಶರಭಣ್ಣ ಎದ್ದು ನಿಂತ. "ಅಂದ್ರ ಆ ಓಣ್ಯಾಗ ಯಾವನೋ ಒಬ್ಬ ಬಾಯಿ ಬಿಡಲಿಲ್ಲ ಅಂದ್ರ ಊರಿಗೆ ಊರ ದಿನಾ ಕಳಕೋಬೇಕೇನ?"

"ಹೌದ್ರಿ. ನಿಮ್ಮ ಮನ್ಯಾಗ ಯಾರೂ ಬಾಯಿ ಬಿಡಲಿಲ್ಲ ಅಂದ್ರ ಅವರೂ ಕಳಕೋತಾರ."

"ದೇಮಕ್ಕ, ಇದು ಅತಿಯಾತು. ಕೀಲಿ ಇಡು. ಈ ಕೋಣಿಗೆ ಬ್ಯಾರೆಯವರನ್ನ ನೋಡತೀವಿ."

ದೇಮಕ್ಕ ಸೊಂಟದಿಂದ ಕೀಲಿ ಬಿಚ್ಚಿ ಮೇಜಿನ ಮೇಲೆ ಇಟ್ಟಳು. ಕುರ್ಚಿ ಬಿಟ್ಟು ಎದ್ದಳು.

"ತಗೊಳ್ರಿ. ಹನ್ನೆರಡು ದಿನ ಬಾಕಿ ಅದಾವ. ಮೂರು ದಿನ ದಾಟಿದ್ರ ಮೊದಲನೇದು ಹೋತು, ಅದರ ಹಿಂದ ಒಂದೊಂದ ಹೋಗತಾವ. ನಿಮ್ಮ ಹಿರೇ ಸೊಸಿದು ಹೊಟ್ಟಿ ಕೊಯ್ದ ಹೊಲಿಗಿ ಇನ್ನೂ ಹಸಿ ಐತಿ, ನನಗ ಗೊತ್ತೈತಿ. ಯಾರು ಕುಂದರ್ತೀರಿ, ಕುಂದರ್ರಿ. ನಾ ಅಂತೂ ಇನ್ನ ಮ್ಯಾಲ ಒಂದು ಮನಿ ಬಿಟ್ಟು ದಿನಾ ಕಳಸಾಕಿ ಅಲ್ಲ. ಕೊಂದ್ರೂ ಕಳಸೂದಿಲ್ಲ."

ಕೀಲಿ ಮೇಜಿನ ಮೇಲೆ ಬಿದ್ದುಕೊಂಡಿತ್ತು. ಶರಭಣ್ಣ ಪಂಚರ ಕಡೆ ನೋಡಿದ. ಒಬ್ಬ ಚಪ್ಪಲಿ ನೋಡಿಕೊಂಡ, ಒಬ್ಬ ಕಿಟಕಿ ನೋಡಿದ. ಇನ್ನೊಮ್ಮೆ ಹುಟ್ಟ್ಯಾಳು ಅಂದಿದ್ದ ಆಸಾಮಿ ಮೆಲ್ಲಗೆ, "ಆಕಿನ ಕಳಸಲಿ ಬಿಡ್ರಿ, ನನ್ನ ಕಾಲಿನ ಹುಣ್ಣು ಜೀವಾ ತಿನ್ನಾಕತ್ತೈತಿ," ಅಂದ.

ದೇಮಕ್ಕ ಮತ್ತೆ ಕೂತಳು. ಐದನೆಯ ದಿನ ಶರಭಣ್ಣ ತೆಗೆದುಹಾಕಿದ್ದ ಓಣಿಯ ದನಿಗಳನ್ನು ಅವಳು ಬೇರೆ ಕಡೆ ಜೋಪಾನ ಮಾಡಿದ್ದಳು, ಅವೂ ಸೇರಿದವು. ಮಧ್ಯಾಹ್ನ ಮೂರರ ಹೊತ್ತಿಗೆ ಹನ್ನೊಂದು ದಿನ ಹೆಣೆದು ಕತ್ತರಿಸಿ ಕಳಿಸಿಯಾಗಿತ್ತು. ಐದಕ್ಕೆ ಆ ದಿನದ್ದೂ ಹೋಯಿತು. ಉತ್ತರಗಳು ಒಂದರ ಹಿಂದೆ ಒಂದು ಬಂದವು. ತಲುಪಿದೆ, ತಲುಪಿದೆ, ತಲುಪಿದೆ.

ಅವತ್ತಿನ ಸಂಜೆಯನ್ನು ನಮ್ಮ ಊರಿನಲ್ಲಿ ಕಂಡವರು ಸಾಯುವ ತನಕ ಹೇಳುತ್ತಾರೆ. ಹನ್ನೆರಡು ದಿನ ಒಟ್ಟಿಗೆ ಬಂದು ಊರಿನ ಮೇಲೆ ಕೂತವು. ಹನ್ನೆರಡು ದಿನದಿಂದ ನುಣ್ಣಗೇ ಉಳಿದಿದ್ದ ಪಂಚರ ಗಲ್ಲದಲ್ಲಿ ನಮ್ಮ ಕಣ್ಣ ಮುಂದೆಯೇ ಗಡ್ಡ ಬಂತು. ಗಡಿಗೆ ಗಡಿಗೆ ಹಾಲು ಮೊಸರಾಗಿ, ಹುಳಿಯಾಗಿ, ಬೀದಿಗೆಲ್ಲ ವಾಸನೆ. ಅರ್ಧಕ್ಕೆ ನಿಂತಿದ್ದ ಜಗಳಗಳು ಮುಗಿದವು, ಕೆಲವು ಮನೆಗಳಲ್ಲಿ ಏಟು ಬಿದ್ದೂ ಮುಗಿದವು. ದೇಮಕ್ಕ ಯಾವುದನ್ನೂ ನೋಡಲಿಲ್ಲ, ಚಪ್ಪಲಿ ಬಿಟ್ಟು ಕಾಲುವೆಯ ಕಡೆ ಓಡಿದಳು, ಹಿಂದೆ ನಾನು. ನಾವು ಹೋಗುವಷ್ಟರಲ್ಲಿ ಯಮನೂರಿ ಬಾಗಿಲಲ್ಲಿ ನಿಂತು ಅಳುತ್ತಿದ್ದ. ಒಳಗೆ ಕಸ್ತೂರಿಯ ಮಡಿಲಲ್ಲಿ ಕೂಸಿನ ಹೊಕ್ಕುಳಬಳ್ಳಿ ಉದುರಿ ಬಿದ್ದಿತ್ತು. ಕೂಸಿನ ಕೆನ್ನೆ ತುಂಬಿ, ತೊಡೆಯಲ್ಲಿ ಮಡಿಕೆ ಬಂದಿತ್ತು, ಹಸಿವಿಗೆ ಹುಟ್ಟಿದಾಗಿನ ಸಿಟ್ಟೆಲ್ಲ ಸೇರಿಸಿ ಕಿರುಚುತ್ತಿತ್ತು. ದೇಮಕ್ಕ ಅದನ್ನು ಎತ್ತಿಕೊಂಡು ಹೊರಗೆ ಬಂದು, ಇಡೀ ಓಣಿಗೆ ತೋರಿಸಿದಳು.

ಆಮೇಲೆ ದಿನಗಳು ಸುಮ್ಮನೆ ಹೋಗುತ್ತಿದ್ದವು. ಒಂದು ತಿಂಗಳಾದ ಮೇಲೆ ಒಂದು ದಿನ ಮೂರೂಮುಕ್ಕಾಲಿಗೆ ಎಣಿಸಿದರೆ ನೂರಾ ಅರವತ್ತೊಂಬತ್ತೇ ದನಿ. ಪಟ್ಟಿ ನೋಡಿದರೆ ಬಾಕಿ ಇದ್ದದ್ದು ಎರಡು ಮನೆ. ಒಂದು ಸುಣ್ಣದ ಓಣಿಯ ದುರಗಜ್ಜನದು, ಇನ್ನೊಂದು ಶರಭಣ್ಣನದೇ. ಶರಭಣ್ಣನಿಗೆ ಸುದ್ದಿ ಮುಟ್ಟಿ ಅವನು ಓಡಿ ಬಂದ. ದೇಮಕ್ಕ ರೆಕಾರ್ಡರು ಹಿಡಿದು ಹೊರಟಿದ್ದಳು, ನಾನೂ ಗಿರಣಿ ಬಿಟ್ಟು ಹೊರಟೆ. ಅಜ್ಜನದು ಸಿಗದಿದ್ದರೆ ತನ್ನದು ಹೇಳಿಯೂ ಫಲವಿಲ್ಲ ಅಂತ ಅವನು ಮೈಕಿನ ಕಡೆ ಹೋಗದೆ ನಮಗಿಂತ ಮುಂದೆ ಹೋದ. ಕಾಲುವೆ ದಾಟುವಾಗ ಧೋತರದ ಚುಂಗು ಎತ್ತಿಕೊಂಡ. ಅರವತ್ತು ವರ್ಷದಲ್ಲಿ ಅವನು ಅದನ್ನು ದಾಟಿದ್ದು ಅವತ್ತೇ ಮೊದಲು.

ದುರಗಜ್ಜ ಮನೆಯ ಮುಂದೆ ಮಣೆಯ ಮೇಲೆ ಕೂತಿದ್ದ. ಕ್ಷೌರಿಕ ಅರ್ಧ ತಲೆ ಬೋಳಿಸಿದ್ದ, ಇನ್ನರ್ಧ ಬಾಕಿ ಇತ್ತು.

"ಅಜ್ಜಾ, ಹೊತ್ತಾತು. ಏನರ ಒಂದು ಮಾತು ಹೇಳು," ಅಂದ ಶರಭಣ್ಣ ಏದುಸಿರು ಬಿಡುತ್ತ.

"ಅರ್ಧಾ ತಲೀಲೆ ನಾ ಮಾತಾಡೂದಿಲ್ಲೋ ತಮ್ಮಾ. ನೂರಾ ಎಪ್ಪತ್ತೊಂದ ಮನೀಯವರು ಕೂಡಿ ಕಳಸೂ ದಿನಾ ಐತಿ. ಪೂರಾ ಆಗಲಿ. ಕುಂದರು."

ಕೂರದೆ ಗತಿಯಿರಲಿಲ್ಲ. ಶರಭಣ್ಣ ಕಟ್ಟೆಯ ತುದಿಯಲ್ಲಿ ಕೂತ. ಒಳಗಿನಿಂದ ಸೊಸೆ ಚಹ ತಂದು ಮುಂದೆ ಹಿಡಿದಳು. ಅವನು ಲೋಟ ನೋಡಿದ, ನಮ್ಮನ್ನು ನೋಡಿದ, ನಾಲ್ಕಕ್ಕೆ ಎಂಟು ನಿಮಿಷ ಇತ್ತು. ತೆಗೆದುಕೊಂಡು ಕುಡಿದ. ಕ್ಷೌರಿಕ ನಿಧಾನವಾಗಿ ಕತ್ತಿ ಮಸೆದು, ನಿಧಾನವಾಗಿ ಇನ್ನರ್ಧ ಮುಗಿಸಿದ. ದುರಗಜ್ಜ ನುಣ್ಣನೆಯ ತಲೆಯನ್ನು ಎರಡು ಸಲ ಸವರಿಕೊಂಡು ರೆಕಾರ್ಡರಿನ ಹತ್ತಿರ ಬಾಯಿ ತಂದ.

"ಇವತ್ತ ನನ್ನ ತಲಿ ಕ್ಷೌರ ಆತು. ಊರ ಯಜಮಾನ್ರು ಬಂದು, ಕುಂತು ಕಾದ್ರು. ಮತ್ತೇನಿಲ್ಲ."

ದೇಮಕ್ಕ ರೆಕಾರ್ಡರನ್ನು ಶರಭಣ್ಣನ ಕಡೆ ತಿರುಗಿಸಿದಳು. ಮೂರು ನಿಮಿಷ ಉಳಿದಿತ್ತು. ಓಣಿಯ ಜನ ಬಾಗಿಲುಗಳಲ್ಲಿ ಬಂದು ನಿಂತಿದ್ದರು. ಶರಭಣ್ಣ ಖಾಲಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಗಂಟಲೊಳಗೆ ಗೊಣಗಿದ.

"ಸುಣ್ಣದ ಓಣಿಗೆ ಬಂದಿದ್ದೆ. ದುರಗಜ್ಜನ ಮನ್ಯಾಗ ಚಾ ಕುಡದೆ."

ಪಕ್ಕದಲ್ಲೇ ನಿಂತಿದ್ದ ನನಗೆ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತ್ತು. ರೆಕಾರ್ಡರನ್ನು ಅವನ ಬಾಯಿಯ ಹತ್ತಿರವೇ ಹಿಡಿದಿದ್ದ ದೇಮಕ್ಕ ಅಡ್ಡಡ್ಡ ತಲೆಯಾಡಿಸಿದಳು.

"ಕೇಳಸಲಿಲ್ಲ ಯಜಮಾನ್ರ. ಇನ್ನೊಮ್ಮೆ ಹೇಳ್ರಿ. ಜೋರಾಗಿ."

ಅವನು ಹೇಳಿದ.